ಏಳನೇ ಡಬ್ಬಿಯ ಉತ್ತರ

ದೀಪ ಒಂದಿಷ್ಟು ಸಣ್ಣದು ಮಾಡಿ... ಹಾಂ, ಸಾಕು. ನಗುವವರಿದ್ದರೆ ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ನಕ್ಕರೆ ನಾನು ಎದ್ದು ಹೋಗುವವಳು. ಇದು ಎಲ್ಲೋ ಯಾರೋ ಹೇಳಿದ್ದಕ್ಕೆ ಉಪ್ಪುಖಾರ ಹಚ್ಚಿದ ಕತೆಯಲ್ಲ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಮಾಣಿಕಪ್ಪನದು. ಅವನ ಮಗಳು ಸುಜಾತಾಗೆ ಆದದ್ದು ಇದು.

ಎರಡು ಸಾವಿರದ ಎಂಟನೇ ಇಸವಿ ಇರಬೇಕು. ಮಾರ್ಗಶಿರದ ಚಳಿ. ವಾಡಿಯಿಂದ ಬರುವ ಕೊನೆಯ ಬಸ್ಸು ಅವಳನ್ನು ಕ್ರಾಸಿನಲ್ಲಿ ಇಳಿಸಿ, ಗುರ್ ಎನ್ನುತ್ತ ಚಿತ್ತಾಪುರದ ಕಡೆ ಹೊರಟುಹೋಯಿತು. ಆಮೇಲೆ ಸದ್ದೇ ಇಲ್ಲ. ಅಲ್ಲಿಂದ ಊರಿಗೆ ಕಾಲುದಾರಿ. ಒಂದು ಬದಿಗೆ ಫರ್ಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ, ಅದರ ತುಂಬ ಕಪ್ಪು ನೀರು. ಮುಂದೆ ಆಲದ ಮರ. ಮರ ದಾಟಿದರೆ ಕಾಗಿಣಾ ಹೊಳೆ, ಹೊಳೆಯ ದಂಡೆಗೇ ನಮ್ಮ ಊರು.

ಸುಜಾತಾ ಖಣಿಯ ಕಡೆ ಮುಖ ತಿರುಗಿಸದೆ ನಡೆದಳು. ಅದಕ್ಕೆ ಕಾರಣವಿತ್ತು, ಆಮೇಲೆ ಹೇಳುತ್ತೇನೆ. ಚಪ್ಪಲಿ ಚಟ್... ಚಟ್... ಎನ್ನುತ್ತಿತ್ತು. ದೂರದ ವಾಡಿಯಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ತಾಗಿ ಗಡಗಡ ಎಂದವು. ಆಲದ ಮರದ ಕೆಳಗೆ ಬಂದಳು... ಆಗ ಕೇಳಿಸಿತು.

ಠಕ್... ಠಕ್... ಠಕ್.

ಮರದ ಮೇಲೆ ಮರ ಬಡಿದ ಸದ್ದು. ಹೊಳೆಯ ಕಡೆಯಿಂದ. ದೋಣಿ ನಡೆಸುವ ಹುಟ್ಟಿನಿಂದ ದೋಣಿಯ ಅಂಚಿಗೆ ಬಡಿದ ಹಾಗೆ.

ನಮ್ಮ ಕೇರಿಯ ಹಾಲುಗಲ್ಲದ ಕೂಸಿಗೂ ಆ ಸದ್ದಿನ ಅರ್ಥ ಗೊತ್ತು. ನಮ್ಮವರು ತಲೆತಲಾಂತರದಿಂದ ದೋಣಿ ನಡೆಸಿದವರು. ಸೇತುವೆ ಆಗುವುದಕ್ಕೆ ಮೊದಲು, ಕತ್ತಲಾದ ಮೇಲೆ ಆಚೆ ದಂಡೆಯಿಂದ ಯಾರಾದರೂ 'ಓ...' ಎಂದು ಕರೆದರೆ ದೋಣಿಯವನು ತಟ್ಟನೆ ಓಗೊಡುತ್ತಿರಲಿಲ್ಲ. ಹುಟ್ಟಿನಿಂದ ದೋಣಿಯ ಅಂಚಿಗೆ ತನಗೆ ತೋಚಿದಷ್ಟು ಸಲ ಬಡಿಯುತ್ತಿದ್ದ. ಕರೆದವನು ಅದಕ್ಕಿಂತ ಒಂದು ಹೆಚ್ಚು ಚಪ್ಪಾಳೆ ಹೊಡೆಯಬೇಕು. ಸತ್ತವರು ಕೇಳಿದ್ದನ್ನೇ ತಿರುಗಿ ಹೇಳಬಲ್ಲರು, ನಿನ್ನೆಯದನ್ನೇ ಇವತ್ತೂ ಹೇಳಬಲ್ಲರು, ಅದಕ್ಕೆ ಹೊಸದೊಂದು ಕೂಡಿಸಲಾರರು ಎಂಬುದು ನಮ್ಮ ಹಿರಿಯರ ಮಾತು. ಮೂರಕ್ಕೆ ಮೂರೇ ಬಂದರೆ ದೋಣಿ ಬಿಚ್ಚಬಾರದು. ನಾಲ್ಕು ಬಂದರೆ ಅವನು ಮನುಷ್ಯ, ನಮ್ಮವನು ಅಂತ ಅರ್ಥ.

ಸುಜಾತಾ ನಾಲ್ಕು ಚಪ್ಪಾಳೆ ಹೊಡೆಯಬೇಕಾಗಿತ್ತು. ಕೈ ಏಳಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮನೆಯವರೆಗೆ ಓಡಿದಳು. ಮಾಣಿಕಪ್ಪ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದ. ಅವಳು ಪಿಸುದನಿಯಲ್ಲಿ ಕೇಳಿದಳು.

"ಅಪ್ಪಾ... ಹೊಳಿಯಾಗ ಯಾರರ ದೋಣಿ ಇಳಿಸ್ಯಾರೇನು?"

"ದೋಣಿ ಎಲ್ಯದವಾ? ಊರಾಗ ಉಳದದ್ದು ನಿಮ್ಮ ಕಾಕಾಂದು ಒಂದs. ಅದೂ ಅವನ ಸಂಗಟನs ಹೋತು."

"ಮತ್ತ..."

"ಮತ್ತೇನು?"

"ಏನಿಲ್ಲ."

ಏನಿಲ್ಲ ಅಂದಳು. ಆಗ ಅವಳಿಗೆ ಆ ಮಾತು ರೂಢಿಯಾಗಿಬಿಟ್ಟಿತ್ತು.

ಈಗ ಮೊದಲಿನದು ಕೇಳಿ. ಸುಜಾತಾ ನಮ್ಮ ಕೇರಿಯಲ್ಲಿ ಇಂಜಿನಿಯರಿಂಗ್ ಓದಿದ ಮೊದಲ ಹುಡುಗಿ. ಓದು ಮುಗಿದದ್ದೇ ಒಂದು ಕಾಲೇಜಿನ ಯೋಜನೆಯಲ್ಲಿ ಕೆಲಸ ಸಿಕ್ಕಿತು, ಅದೂ ಏನು ಪುಣ್ಯವೋ, ನಮ್ಮ ಹೊಳೆಯ ಮೇಲೆಯೇ. ನಮ್ಮ ಸೇತುವೆ ಕೆಳಮಟ್ಟದ್ದು. ಹೊಳೆ ಏರಿತೆಂದರೆ ಮುಳುಗುತ್ತದೆ, ನೀರು ಕೆಳಗಿನ ಓಣಿಗೆ ನುಗ್ಗುತ್ತದೆ. ಅದಕ್ಕೆ ಹೊಳೆಗುಂಟ ಮೇಲಕ್ಕೆ ಕಂಬ ನೆಟ್ಟು, ಹಾಲಿನಪುಡಿ ಡಬ್ಬಿಯಷ್ಟಿರುವ ಒಂಬತ್ತು ಡಬ್ಬಿಗಳನ್ನು ಕಟ್ಟಿದರು. ಪ್ರತಿ ಡಬ್ಬಿಯಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ಒಂದು, ಸಣ್ಣ ರೇಡಿಯೋ ಒಂದು. ತಂತಿಯಿಲ್ಲ. ಒಂದರ ಮಾತನ್ನು ಇನ್ನೊಂದು ಕೇಳಿ ಮುಂದೆ ದಾಟಿಸಿ, ಕೊನೆಗೆ ಸೇತುವೆಯ ಪಕ್ಕದ ಕೋಣೆಯಲ್ಲಿದ್ದ ಕಂಪ್ಯೂಟರಿಗೆ ಮುಟ್ಟಿಸುತ್ತಿದ್ದವು. ಏಳನೇ ಡಬ್ಬಿ ಹಳ್ಳ ಬಂದು ಹೊಳೆಗೆ ಸೇರುವ ಜಾಗದಲ್ಲಿ, ಊರಿನಿಂದ ಸಾಕಷ್ಟು ಮೇಲೆ ಇತ್ತು. ನೀರು ಏರುವುದು ಮೊದಲು ಅಲ್ಲೇ. ಅದು 'ನೀರು ಮೇಲೆ' ಎಂದರೆ ಸಾಕು, ಕೋಣೆಯ ಮೇಲಿನ ಭೋಂಗಾ ಊರೆಲ್ಲ ಏಳುವ ಹಾಗೆ ಕೂಗಬೇಕು, ಸೇತುವೆಗೆ ಸರಪಳಿ ಬಿದ್ದು ಗಾಡಿಗಳು ನಿಲ್ಲಬೇಕು.

ಯೋಜನೆಯ ಹಿರಿಯರು ಧೀರೇಂದ್ರ ಸರ್. ಸೇಡಂನವರು, ದಿನಾ ಸಂಧ್ಯಾವಂದನೆ ಮುಗಿಸಿ, ಹಣೆಯ ಮೇಲೆ ಅಂಗಾರ-ಅಕ್ಷತೆ ಇಟ್ಟುಕೊಂಡೇ ಹೊಳೆಗೆ ಬರುವವರು. ಒಳ್ಳೆಯವರು. ಅವರೇ ಮೊದಲ ದಿನ ಸುಜಾತಾಗೆ ಹೇಳಿದ್ದು.

"ನೋಡವಾ ಸುಜಾತಾ, ತಂತಿ ಇಲ್ಲದ ಮಾತು ಅಂದ್ರ ಬಯಲಾಗ ನಿಂತು ಒದರಿದಂಗ. ಯಾರರ ಕೇಳಬಹುದು, ಯಾರರ ನಡುವ ಬಾಯಿ ಹಾಕಬಹುದು. ಮಾತಾಡ್ಲಿಕತ್ತದ್ದು ನಮ್ಮ ಡಬ್ಬೀನs ಅಂತ ಹ್ಯಾಂಗ ಗುರ್ತು ಹಿಡೀಬೇಕು? ಅದೊಂದು ನೀವು ವಿಚಾರ ಮಾಡ್ರಿ."

ಸುಜಾತಾ ವಿಚಾರ ಮಾಡಿದಳು. ಅವಳಿಗೆ ಹೊಳೆದದ್ದು ದೋಣಿಯ ರೂಢಿ! ಡಬ್ಬಿ ಮಾತಾಡಿದ ಕೂಡಲೇ ಕಂಪ್ಯೂಟರು ಅದನ್ನು ನಂಬುವುದಿಲ್ಲ. ತನಗೆ ತೋಚಿದ ಒಂದು ಸಂಖ್ಯೆ ಕಳಿಸುತ್ತದೆ. ಡಬ್ಬಿ ಅದಕ್ಕೆ ಒಂದು ಕೂಡಿಸಿ, ತನ್ನೊಳಗಿನ ಗುಟ್ಟಿನ ಸಂಖ್ಯೆಯ ಜೊತೆ ಕಲಸಿ, ತಿರುಗಿ ಕಳಿಸಬೇಕು. ಕೇಳುವ ಸಂಖ್ಯೆ ಪ್ರತಿಸಲ ಹೊಸದು. ಹಳೆಯ ಮಾತನ್ನು ಕದ್ದು ಕೇಳಿ ಹಿಡಿದಿಟ್ಟುಕೊಂಡವನು ಅದನ್ನು ಎಷ್ಟು ಸಲ ಒದರಿದರೂ ಈ ಬಾಗಿಲು ತೆರೆಯುವುದಿಲ್ಲ. ಚೆನ್ನಾಗಿ ಮಾಡಿದ್ದಳು ಹುಡುಗಿ. ಆದರೆ ಎಲ್ಲಿಂದ ಹೊಳೆಯಿತು ಅಂತ ಯಾರಿಗೂ ಬಾಯಿ ಬಿಡಲಿಲ್ಲ. ದೋಣಿಯವರ ಮಗಳು ಅಂತ ಹೇಳಿಕೊಳ್ಳಲು ಅವಳಿಗೆ ಕಾಲೇಜಿನ ಮಂದಿಯ ನಡುವೆ ಭಾಳ ನಾಚಿಕೆ.

ಕೋಣೆಯ ಕಾವಲಿಗೆ ಇದ್ದವನು ಅವಳ ಕಾಕಾ, ಮಾಣಿಕಪ್ಪನ ತಮ್ಮ ಭಾಗಣ್ಣ. ಊರಿನ ಕೊನೆಯ ದೋಣಿ ಅವನದು, ಸೇತುವೆಯ ಕೆಳಗೆ ಕಟ್ಟಿರುತ್ತಿತ್ತು. ಮಾತಿನ ಮಲ್ಲ. ಮಕ್ಕಳಿರಲಿಲ್ಲ, ಅದಕ್ಕೇ ಏನೋ, ಡಬ್ಬಿಗಳ ಮೇಲೆ ಜೀವ. ಕಂಡಕಂಡವರಿಗೆ "ನಮ್ಮ ಸುಜೀ ಮಾಡ್ಯಾಳ, ನೋಡ್ರಿ" ಅಂತ ತೋರಿಸುವುದೇ ಅವನ ಕೆಲಸ.

ಒಂದು ದಿನ ದೂರದ ಊರಿಂದ ದೊಡ್ಡ ಸಾಹೇಬರು ನಾಲ್ಕು ಜನ ನೋಡಲು ಬಂದರು. ಸುಜಾತಾ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಎಲ್ಲ ವಿವರಿಸಿದಳು. ಒಬ್ಬರು ಕೇಳಿದರು, "ಈ ಪ್ರಶ್ನೆ-ಉತ್ತರದ ಉಪಾಯ ಚೆನ್ನಾಗಿದೆ. ಎಲ್ಲಿಂದ ತಗೊಂಡಿರಿ?"

"ಪುಸ್ತಕದ ವಿಧಾನ ಸರ್."

ಚಹಾದ ಕಪ್ಪು ಹಿಡಿದು ನಿಂತಿದ್ದ ಭಾಗಣ್ಣನಿಗೆ ಸುಮ್ಮನಿರಲಾಗಲಿಲ್ಲ.

"ಪುಸ್ತಕದ್ದಲ್ರಿ ಸಾಹೇಬ್ರ, ನಮ್ಮ ದೋಣೀದು! ದೆವ್ವ ಗುರ್ತು ಹಿಡೀಲಾಕ ನಾವು ಹಿಂಗs ಮಾಡ್ತಿದ್ವಿ! ಹಿಂಗ ನೋಡ್ರಿ..." ಎಂದು ಟೇಬಲ್ಲಿಗೆ ಠಕ್ ಠಕ್ ಎಂದು ಬಡಿದು, ತಾನೇ ಮೂರು ಚಪ್ಪಾಳೆ ಹೊಡೆದು ತೋರಿಸಿದ.

ಎಲ್ಲರೂ ಗೊಳ್ ಎಂದು ನಕ್ಕರು. "ಓಹೋ, ಇದು ದೆವ್ವ ಬಿಡಿಸೋ ಯಂತ್ರ ಅನ್ನಿ!" ಎಂದರು ಒಬ್ಬರು. ಧೀರೇಂದ್ರ ಸರ್ ಕೂಡ ನಕ್ಕರು. ಸುಜಾತಾಳ ಮುಖ ಕೆಂಪಾಯಿತು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದಳು.

"ಈತ ಯಾರು?" ಎಂದು ಕೇಳಿದರು ಸಾಹೇಬರು.

"ವಾಚ್‌ಮನ್ ಸರ್," ಅಂದಳು.

ಕಾಕಾ ಅನ್ನಲಿಲ್ಲ. ಭಾಗಣ್ಣ ಅದನ್ನು ಕೇಳಿದ. ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಹೊರಗೆ ಹೋದ. ಮರುದಿನದಿಂದ ನಾಲ್ಕು ಮಂದಿಯ ಮುಂದೆ ಅವಳನ್ನು 'ಮೇಡಂ' ಎಂದು ಕರೆಯತೊಡಗಿದ. ಕೊಂಕಿನಿಂದ ಕರೆದಿದ್ದರೆ ಅವಳಿಗೆ ಸುಲಭವಿತ್ತು. ಅವನು ಮನಸಾರೆ ಗೌರವದಿಂದಲೇ ಕರೆಯುತ್ತಿದ್ದ.

ಕಾಲೇಜಿನ ಹುಡುಗರು ಅವಳಿಗೆ 'ದೆವ್ವದ ಮೇಡಂ' ಅಂತ ಹೆಸರಿಟ್ಟರು. ಕೆಲವೇ ದಿನಗಳಲ್ಲಿ ಸುಜಾತಾ ಆ ಪ್ರಶ್ನೆ-ಉತ್ತರವನ್ನೇ ಎಲ್ಲ ಡಬ್ಬಿಗಳಿಂದ ತೆಗೆದುಹಾಕಿದಳು.

"ತೆಗೀಲಿಕ್ಕೇಬೇಕೇನವಾ?" ಎಂದು ಧೀರೇಂದ್ರ ಸರ್ ಕೇಳಿದರು.

"ಬ್ಯಾಟರಿ ಭಾಳ ತಿಂತದ ಸರ್."

ಪರೀಕ್ಷೆಯ ಪೇಪರು ತಿದ್ದುತ್ತಿದ್ದ ಅವರು ತಲೆಯಾಡಿಸಿದರು. ಬ್ಯಾಟರಿ ಒಂದಿಷ್ಟು ತಿನ್ನುತ್ತಿದ್ದದ್ದು ನಿಜ. ಆದರೆ ಅವಳು ತೆಗೆದದ್ದು ಬ್ಯಾಟರಿಗಾಗಿ ಅಲ್ಲ, ಮರ್ಯಾದೆಗಾಗಿ. ಅದು ಅವಳಿಗೆ ಗೊತ್ತಿತ್ತು.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಮೇಲೆ ಚಿಂಚೋಳಿ ಕಡೆ ಆಕಾಶವೇ ತೂತು ಬಿದ್ದ ಹಾಗೆ ಸುರಿಯಿತಂತೆ. ಆ ರಾತ್ರಿ ಸುಜಾತಾ ಗುಲ್ಬರ್ಗಾದಲ್ಲಿದ್ದಳು. ಹೊಳೆ ಏರಿತು. ಭೋಂಗಾ ಕೂಗಲಿಲ್ಲ. ಕೆಳಗಿನ ಓಣಿಯವರು ಬದುಕಿದ್ದು ಅಲ್ಲಿಯ ಪೀರಮ್ಮನ ಮನೆಯ ನಾಯಿ ಬೊಗಳಿದ್ದಕ್ಕೆ. ಉಟ್ಟ ಬಟ್ಟೆಯಲ್ಲೇ ಎದ್ದು ಗುಡ್ಡಕ್ಕೆ ಓಡಿದರು. ಬೆಳಗಾದಾಗ ಕೋಣೆಗೆ ಎದೆಮಟ್ಟ ನೀರು, ಏಳನೇ ಡಬ್ಬಿ ಕಂಬ ಸಮೇತ ಮಾಯ, ಕಾಕಾನ ದೋಣಿ ಮಾಯ, ಕಾಕಾನೂ ಮಾಯ. ಮೂರನೇ ದಿನ ಶಹಾಬಾದ ಕಡೆ, ಜಾಲಿಕಂಟಿಯಲ್ಲಿ ಸಿಕ್ಕಿದ. ಮಾಣಿಕಪ್ಪ ಹೋಗಿ ಬಿಳಿ ಬಟ್ಟೆಯಲ್ಲಿ ಸುತ್ತಿಕೊಟ್ಟ ತಮ್ಮನನ್ನು ತಂದ.

ನೀರು ಇಳಿದ ಮೇಲೆ ಕಂಬಗಳನ್ನು ನೋಡಲು ಸುಜಾತಾ ಒಬ್ಬಳೇ ಹೋಗಿದ್ದಳು. ದಂಡೆಯ ಬೇವಿನ ಮರದ ಟೊಂಗೆಯ ನಡುವೆ ಒಂದು ಡಬ್ಬಿ ಕಂಡಿತು. ತಮ್ಮದಲ್ಲ! ಬಿಚ್ಚಿ ನೋಡಿದಳು... ನೋಡಿದ ಕೂಡಲೇ ತಿಳಿಯಿತು. ಯಾವನೋ ಬಲ್ಲವನು ಮಾಡಿದ್ದು. ನೀರು ಕಡಿಮೆಯಿದ್ದ ದಿನ ಏಳನೇ ಡಬ್ಬಿ 'ನೀರು ಕೆಳಗೆ' ಅಂದದ್ದನ್ನು ಕದ್ದು ಕೇಳಿ, ಹಿಡಿದಿಟ್ಟುಕೊಂಡು, ಅದನ್ನೇ ಹಗಲೂ ರಾತ್ರಿ ಜೋರಾಗಿ ಒದರುತ್ತಿತ್ತು. ಕೋಣೆಗೆ ಇದು ಹತ್ತಿರ, ಅದು ದೂರ. ಏಳನೇ ಡಬ್ಬಿ ಪಾಪ 'ನೀರು ಮೇಲೆ' ಅಂತ ಕೂಗಿಕೊಂಡದ್ದು ಇದರ ಗದ್ದಲದಲ್ಲಿ ಕಂಪ್ಯೂಟರಿಗೆ ಕೇಳಿಸಲೇ ಇಲ್ಲ. ಹೊಳೆಯ ಉಸುಕು ಕದ್ದು ಸಾಗಿಸುವ ಲಾರಿಯವರದೇ ಕೆಲಸ ಅಂತ ಆಮೇಲೆ ಮಂದಿ ಅಂದರು. ಭೋಂಗಾ ಕೂಗಿ ಸರಪಳಿ ಬಿದ್ದರೆ ಅವರ ರಾತ್ರಿಯ ಧಂದೆ ನಿಲ್ಲುತ್ತಿತ್ತು. ಸಾಕ್ಷಿ ಇಲ್ಲ, ನಾನು ಯಾರ ಹೆಸರೂ ಹೇಳುವುದಿಲ್ಲ.

ಪ್ರಶ್ನೆ-ಉತ್ತರ ಇದ್ದಿದ್ದರೆ ಆ ಕಳ್ಳ ಡಬ್ಬಿಯ ಮಾತು ನಡೆಯುತ್ತಿರಲಿಲ್ಲ. ಹಳೆಯ ಮಾತನ್ನೇ ತಿರುಗಿ ಹೇಳುವವರನ್ನು ಹಿಡಿಯಲೆಂದೇ ಇದ್ದ ರೂಢಿ ಅದು!

ಸುಜಾತಾ ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. ಆ ಡಬ್ಬಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಖಣಿಯ ದಂಡೆಗೆ ಬಂದು, ಕಪ್ಪು ನೀರಿಗೆ ಎಸೆದಳು. ಗುಳುಂ... ಎಂದಿತು. ಅಷ್ಟೇ. ಖಣಿಯ ಕಡೆ ಅವಳು ಮುಖ ತಿರುಗಿಸದಿದ್ದದ್ದು ಇದಕ್ಕೇ.

"ಏಳನೇ ಡಬ್ಬಿಗೆ ನೀರು ಹೊಕ್ಕು ಕೆಟ್ಟಿತ್ತು ಸರ್," ಅಂದಳು ಧೀರೇಂದ್ರ ಸರ್‌ಗೆ. ಅವರು ನಂಬಿದರು. ಊರು ಮಾತ್ರ ಸುಮ್ಮನಿರುತ್ತದೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಭಾಗಣ್ಣ ಕುಡಿದು ಮಲಗಿದ್ದ ಅಂದರು. ಯಂತ್ರ ಕೆಟ್ಟರೆ ಕೈಯಿಂದ ಭೋಂಗಾ ಒತ್ತಲು ಗುಂಡಿ ಇತ್ತಲ್ಲ, ಒತ್ತಲಿಲ್ಲ ಯಾಕೆ, ಕುಡಿದಿದ್ದ! ಅವನ ಹೆಂಡತಿ ಹಣಮಮ್ಮ ನೀರು ತರಲು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ನಾನೂ ಒಂದು ಸಲ ಹಾಗೆ ಸರಿದು ನಿಂತವಳೇ. ಸುಜಾತಾ ಇದೆಲ್ಲ ನೋಡಿದಳು, ಕೇಳಿದಳು. ಕಾಕಿಯ ಮನೆಯ ಮುಂದೆ ಹಾಯುವಾಗ ನೆಲ ನೋಡಿಕೊಂಡು ಹಾಯುತ್ತಿದ್ದಳು.

ಹೊಸ ಡಬ್ಬಿಗಳು ಬಂದಾಗ ಅವಳು ಯಾರಿಗೂ ಹೇಳದೆ ಪ್ರಶ್ನೆ-ಉತ್ತರವನ್ನು ತಿರುಗಿ ಹಾಕಿದಳು. ಎಲ್ಲ ಡಬ್ಬಿಗೂ ಹೊಸ ಗುಟ್ಟು. ಏಳನೇ ನಂಬರು ಮಾತ್ರ ಖಾಲಿ ಬಿಟ್ಟಳು. ಕಂಪ್ಯೂಟರು ಏಳಕ್ಕೂ ಒಂದು ಗುಟ್ಟು ಹುಟ್ಟಿಸಿಟ್ಟಿತ್ತು, ಆದರೆ ಅದನ್ನು ತುಂಬಲು ಡಬ್ಬಿಯೇ ಇರಲಿಲ್ಲ. ಇದನ್ನು ನೆನಪಿಡಿ.

ಆಲದ ಮರದ ಕೆಳಗೆ ಆ ಸದ್ದು ಕೇಳಿದಳಲ್ಲ, ಅದರ ಮರುರಾತ್ರಿ. ಕೆಲಸ ಉಳಿದಿತ್ತು ಅಂತ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಕಿಟಕಿಯ ಹೊರಗೆ ಹೊಳೆ. ಮಳೆ ನಿಂತು ಎರಡು ತಿಂಗಳ ಮೇಲಾಗಿತ್ತು, ಪಾದ ಮುಳುಗುವಷ್ಟು ನೀರು. ಕಂಪ್ಯೂಟರಿನ ಫ್ಯಾನು ಜೂಂ... ಎನ್ನುತ್ತಿತ್ತು. ಎಲ್ಲೋ ಒಂದು ಟಿಟ್ಟಿಭ ಹಕ್ಕಿ ಕೂಗಿ ಸುಮ್ಮನಾಯಿತು.

ಪರದೆಯ ಮೇಲೆ ಒಂದು ಸಾಲು ಮೂಡಿತು.

ಏಳು. ನೀರು ಮೇಲೆ.

ಸುಜಾತಾಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಮತ್ತೆ ಯಾವನೋ ಕಳ್ಳ, ಅಂದುಕೊಂಡಳು. ಇರಲಿ... ಈ ಸಲ ಕಂಪ್ಯೂಟರು ಕೇಳುತ್ತದೆ. ಕೇಳಿತು. ನಲವತ್ತೊಂದು ಎಂದು ಸಂಖ್ಯೆ ಕಳಿಸಿತು. ಪರದೆಯ ಹತ್ತಿರಕ್ಕೆ ಬಾಗಿ ಕಾದಳು.

ಉತ್ತರ ಬಂತು. ನಲವತ್ತೆರಡು. ಗುಟ್ಟೂ ಸರಿ.

"ಸುಳ್ಳು..." ಅಂದಳು, ತನಗೇ ಕೇಳಿಸದಷ್ಟು ಸಣ್ಣಗೆ. ತಾನೇ ಕೈಯಿಂದ ಇನ್ನೊಂದು ಸಂಖ್ಯೆ ಒತ್ತಿ ಕೇಳಿದಳು. ಅದಕ್ಕೂ ಒಂದು ಹೆಚ್ಚು ಬಂತು. ಮತ್ತೊಂದು. ಅದಕ್ಕೂ. ಆ ಗುಟ್ಟು ಭೂಮಿಯ ಮೇಲಿನ ಯಾವ ಡಬ್ಬಿಯೊಳಗೂ ಇರಲಿಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಷ್ಟರಲ್ಲಿ ತಲೆಯ ಮೇಲೆ ಭೋಂಗಾ ಕೂಗಿತು.

ಭೋಂ... ಓ... ಓ... ಓ...

ನಾನು ಮಲಗಿದ್ದವಳು ಎದ್ದು ಕೂತೆ. ಊರಿಗೆ ಊರೇ ಎದ್ದಿತು. ಚಳಿಗಾಲದಲ್ಲಿ ಎಲ್ಲಿಯ ನೆರೆ? ಆದರೂ ಒಮ್ಮೆ ಸುಟ್ಟುಕೊಂಡವರು ನಾವು, ಲಾಟೀನು ಹಿಡಿದು ಹೊರಗೆ ಬಿದ್ದೆವು.

ಸುಜಾತಾ ಗುಂಡಿ ಒತ್ತಿ ಭೋಂಗಾ ನಿಲ್ಲಿಸಿದಳು. ಕಿವಿ ಗುಂಯ್ ಎನ್ನುತ್ತಿತ್ತು. ಆ ಗುಂಯ್ ಇಳಿದ ಮೇಲೆ, ಹೊಳೆಯಿಂದ...

ಠಕ್... ಠಕ್.

ಅವಳು ಹೊರಗೆ ಬಂದಳು. ತಾನಾಗಿ ಬಂದಳೋ, ಕಾಲು ತಂದವೋ ಗೊತ್ತಿಲ್ಲ ಅಂತ ನನಗೆ ಹೇಳಿದಳು. ದಂಡೆಯ ಕೆಸರಲ್ಲಿ ನಿಂತಳು. ದೋಣಿ ಇಲ್ಲ. ಮನುಷ್ಯರಿಲ್ಲ. ಕತ್ತಲು, ಕಲ್ಲುಗಳ ಸಂದಿಯಲ್ಲಿ ಹರಿಯುವ ನೀರಿನ ಜುಳುಜುಳು.

ಠಕ್... ಠಕ್.

ಆಗ ಅವಳಿಗೆ ಅರ್ಥವಾಯಿತು. ಇದು ಹೆದರಿಸುವ ಸದ್ದಲ್ಲ. ಕೇಳುವ ಸದ್ದು. ನೀನು ಯಾರು, ನಮ್ಮಾಕೆ ಹೌದೋ ಅಲ್ಲವೋ ಅಂತ ಕಾಕಾ ಕೇಳುತ್ತಿದ್ದಾನೆ. ಅವನು ಸತ್ತದ್ದಕ್ಕಿಂತ, ತಾನು ವಾಚ್‌ಮನ್ ಅಂದ ದಿನ ಅವನು ಚಹಾದ ಕಪ್ಪು ಎತ್ತಿಕೊಂಡು ಹೋದದ್ದು ಅವಳ ಕಣ್ಣ ಮುಂದೆ ಬಂತು. ನಾಚಿಕೆಯಿಂದ ಅವಳ ಮೈಯೆಲ್ಲ ಬಿಸಿಯಾಯಿತು, ಅಂಥ ಚಳಿಯಲ್ಲಿ.

ಕೈ ಎತ್ತಿದಳು. ಚಪ್... ಚಪ್... ಚಪ್. ಮೂರು.

ಸದ್ದು ನಿಂತಿತು. ಮತ್ತೆ ಬರಲಿಲ್ಲ. ಅವಳು ತಿರುಗಿದಳು. ಹಿಂದೆ ನಾವೆಲ್ಲ ಲಾಟೀನು ಹಿಡಿದು ನಿಂತಿದ್ದೆವು. ಎಲ್ಲರಿಗಿಂತ ಮುಂದೆ ಹಣಮಮ್ಮ.

"ಎಷ್ಟು ಹೊಡದಾ?" ಎಂದು ಪಿಸುಗುಟ್ಟಿದಳು ಹಣಮಮ್ಮ.

"ಎರಡು."

"ನೀ?"

"ಮೂರು, ಕಾಕಿ."

ನಮಗೆ ಯಾರಿಗೂ ಅವನ ಸದ್ದು ಕೇಳಿಸಿರಲಿಲ್ಲ. ಚಪ್ಪಾಳೆ ಮಾತ್ರ ಕೇಳಿಸಿತ್ತು. ಮಾಣಿಕಪ್ಪ ಮುಂದೆ ಬಂದು ಮಗಳ ರಟ್ಟೆ ಹಿಡಿದ. "ಯಂತ್ರ ಕೆಟ್ಟಿತ್ತಂತ ಹೇಳವಾ, ಮಂದಿ ಮನಿಗಿ ಹೋಗ್ಲಿ," ಅಂದ. ಹೇಳಿದ್ದರೆ ನಾವು ಹೋಗಿಬಿಡುತ್ತಿದ್ದೆವು. ಅವಳ ಕೆಲಸ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು.

"ಯಂತ್ರ ಕೆಟ್ಟಿಲ್ಲಪ್ಪಾ," ಅಂದಳು ಸುಜಾತಾ. "ಅವತ್ತೂ ಕೆಟ್ಟಿರ್ಲಿಲ್ಲ. ಕಳ್ಳರು ಸುಳ್ಳು ಮಾತು ಕಳಸ್ಯಾರ. ಅದನ್ನ ತಡಿಯೂದು ನಂದs ಕೈಯಾಗಿತ್ತು. ನಾನs ತಗದೆ. ಮಂದಿ ನಕ್ಕರಂತ ತಗದೆ. ಆ ಕಳ್ಳ ಡಬ್ಬಿ ನನಗ ಸಿಕ್ಕಿತ್ತು, ಖಣಿಯಾಗ ಒಗದೆ. ಕಾಕಾ ಕುಡದಿದ್ದಾ ಅಂತ ನೀವೆಲ್ಲ ಅನ್ನಾಕತ್ತಾಗ ನಾ ಕೇಳ್ಕೊಂತ ನಿಂತಿದ್ದೆ."

ನಾನು ನನ್ನ ಲಾಟೀನನ್ನು ಕೆಳಗಿಳಿಸಿದೆ, ನನ್ನ ಮುಖ ಕಾಣದಿರಲಿ ಅಂತ. ಹಣಮಮ್ಮ ಅಳಲಿಲ್ಲ.

"ಅಂವ ಕುಡದಿರ್ಲಿಲ್ಲ ಅನ್ನೂದು ನನಗ ಗೊತ್ತಿತ್ತು," ಅಂದಳು. "ಅದನ್ನ ಹೇಳೂ ಬಾಯಿ ನಮ್ಮ ಮನ್ಯಾಗs ಅದ ಅಂತ ಗೊತ್ತಿರ್ಲಿಲ್ಲ." ಲಾಟೀನು ಎತ್ತಿ ಸುಜಾತಾಳ ಮುಖ ನೋಡಿ ಮತ್ತೆ ಅಂದಳು, "ಇಲ್ಲಿ ಕತ್ತಲಾಗ ಹೇಳಿದ್ದು ಸಾಲಂಗಿಲ್ಲ. ಹಗಲಾಗ ನಡಿ. ಠಾಣಾದಾಗ ಹೇಳು."

ಮರುದಿನ ಸುಜಾತಾ ಸೇಡಂಗೆ ಫೋನು ಮಾಡಿ ಧೀರೇಂದ್ರ ಸರ್‌ಗೆ ಎಲ್ಲ ಹೇಳಿದಳು. ಅವರು ಮೊದಲ ಬಸ್ಸಿಗೇ ಬಂದರು. ಬಂದವರು ಕಂಪ್ಯೂಟರಿನಲ್ಲಿ ಏಳನೇ ನಂಬರಿನ ಉತ್ತರಗಳನ್ನು ಒಂದೊಂದಾಗಿ ನೋಡಿದರು, ತಾವೇ ಲೆಕ್ಕ ಹಾಕಿದರು, ಕನ್ನಡಕ ತೆಗೆದು ಒರೆಸಿಕೊಂಡರು. "ಬರೋಬ್ಬರಿ ಅದ," ಅಂದರು. ಬೈಯುತ್ತಾರೆ ಅಂತ ಸುಜಾತಾ ತಲೆ ತಗ್ಗಿಸಿ ನಿಂತಿದ್ದಳು. "ಆ ದಿನ ನಗೂವರೊಳಗ ನಾನೂ ಇದ್ದೆನವಾ," ಅಂದರು ಅವರು. "ಬ್ಯಾಟರಿ ಅಂತ ನೀವು ಅಂದಾಗ ನನಗ ನಂಬಿಕಿ ಬಂದಿರ್ಲಿಲ್ಲ. ಕೇಳಾಕ ಪುರಸತ್ತು ಮಾಡ್ಕೊಳ್ಳಲಿಲ್ಲ." ಅವರೂ ಜೊತೆಗೆ ಠಾಣೆಗೆ ಹೊರಟರು.

ಠಾಣೆಯಲ್ಲಿ ಹವಾಲ್ದಾರ ಅಂಬರಾಯ ಅಂತ ಒಬ್ಬ, ಭಾಗಣ್ಣನ ಹೆಣ ಎತ್ತಲು ಹೋದವರಲ್ಲಿ ಅವನೂ ಇದ್ದ. ಸುಜಾತಾ ಹೇಳಿದ್ದನ್ನೆಲ್ಲ ಬರೆದುಕೊಂಡ. ಬರೆದು ಮುಗಿಸಿ, ಏನೋ ನೆನಪಾದ ಹಾಗೆ ಎದ್ದು ಒಳಗೆ ಹೋಗಿ ಒಂದು ಗೋಣಿಚೀಲ ತಂದು ಟೇಬಲ್ಲಿನ ಮೇಲೆ ಇಟ್ಟ.

"ಇದು ನಿಮ್ಮದೇನ್ರಿ? ಹೆಣದ ಸಂಗಟ ಸಿಕ್ಕದ್ದು. ನೆರಿ ಬಂದ ದಿನದಿಂದ ಇಲ್ಲೇ ಬಿದ್ದದ. ಯಾವದೋ ಸರಕಾರಿ ಸಾಮಾನಂತ ಹೆಣದ ಸಂಗಟ ಕೊಡಲಿಲ್ಲ, ಕೇಳ್ಕೊಂತ ಯಾರೂ ಬರ್ಲಿಲ್ಲ."

ಚೀಲದ ಬಾಯಿ ಬಿಚ್ಚಿದ. ಒಳಗೆ ಡಬ್ಬಿ. ಮೇಲೆ ಬಿಳಿ ಬಣ್ಣದಲ್ಲಿ ಏಳು ಎಂದು ಸುಜಾತಾಳೇ ಬರೆದದ್ದು.

"ಎದಿಗಿ ಅವಚ್ಕೊಂಡಿದ್ದಾರಿ," ಅಂದ ಅಂಬರಾಯ. "ಎರಡೂ ಕೈಲೆ. ಬಿಡಿಸ್ಲಾಕ ಇಬ್ಬರು ಬೇಕಾತು."

ಏಳನೇ ಡಬ್ಬಿ ಇದ್ದದ್ದು ಹಳ್ಳದ ಬಾಯಲ್ಲಿ. ಮಲಗಿದ್ದವನಿಗೆ ಅದು ಕೈಗೆ ಸಿಗುವುದಿಲ್ಲ. ನೀರು ಏರಿದ್ದು ಅವನ ಕಣ್ಣಿಗೆ ಬಿದ್ದಿದೆ. ಭೋಂಗಾ ಕೂಗಿಲ್ಲ. ಸುಜೀ ಮಾಡಿದ ಯಂತ್ರ ತಪ್ಪು ಹೇಳುವುದಿಲ್ಲ, ಡಬ್ಬಿಗೇ ಏನೋ ಆಗಿದೆ ಅಂದುಕೊಂಡು, ಕೋಣೆಯ ಗುಂಡಿ ಒತ್ತುವುದನ್ನೂ ಮರೆತು, ಆ ಕತ್ತಲಲ್ಲಿ ದೋಣಿ ಬಿಚ್ಚಿಕೊಂಡು ಹೊಳೆಗೆ ಎದುರಾಗಿ ಅದನ್ನು ಉಳಿಸಿಕೊಂಡು ಬರಲು ಹೋಗಿದ್ದಾನೆ. ಹಣಮಮ್ಮ ಡಬ್ಬಿಯ ಮೇಲೆ ಕೈ ಇಟ್ಟು ಕೂತುಬಿಟ್ಟಳು. ಸುಜಾತಾ ಅವಳ ಕಾಲ ಬಳಿ ನೆಲಕ್ಕೆ ಕುಸಿದಳು. ಕಾಕಿ ಅವಳನ್ನು ಎತ್ತಲಿಲ್ಲ, ದೂಡಲೂ ಇಲ್ಲವಂತೆ.

ಧೀರೇಂದ್ರ ಸರ್ ಡಬ್ಬಿಯ ಮುಚ್ಚಳ ಬಿಚ್ಚಿದರು. ಬ್ಯಾಟರಿ ಇರುವ ಜಾಗ ಖಾಲಿ.

ಅಂಬರಾಯ ತಲೆ ಕೆರೆದುಕೊಂಡ. "ಅವು ಛಲೋ ಇದ್ದುವ್ರಿ... ನೆರಿ ಇಳದಾಗs ತಗದು ಒಣಗಿಸಿ ನನ್ನ ಟಾರ್ಚಿಗಿ ಹಾಕ್ಕೊಂಡೀನಿ. ಬೇಕಂದ್ರ ತಗೊಳ್ರಿ," ಎಂದು ಸೊಂಟದ ಟಾರ್ಚು ಬಿಚ್ಚಿ ಟೇಬಲ್ಲಿನ ಮೇಲೆ ಸುರಿದ. ಎರಡು ಬ್ಯಾಟರಿ, ಎರಡರ ಮೇಲೂ ಸುಜಾತಾಳ ಕೈಯ ಗುರುತು.

ಅಂಬರಾಯ ಈಗ ನಿವೃತ್ತನಾಗಿ ಕೊಡ್ಲಿ ಊರಲ್ಲಿದ್ದಾನೆ. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದವರು ಹೋಗಿ ಕೇಳಿ. ಭೋಂಗಾ ಕೂಗಿದ ರಾತ್ರಿ ಅದೇ ಎರಡು ಬ್ಯಾಟರಿಯಿದ್ದ ಆ ಟಾರ್ಚು ಹಿಡಿದು ತಾನು ಬೆಳಗಿನ ತನಕ ಗಸ್ತು ತಿರುಗಿದೆ, ಒಂದು ಸಲವೂ ಆರಲಿಲ್ಲ ಅಂತ ಹೇಳುತ್ತಾನೆ.